ಆರು ತಿಂಗಳ ಮೇಲೆ ಬರುವ ಬಿಲ್ಲನ್ನು ಬಿಸಾಕಬೇಡಿ

ಒಹಾಯೋದಲ್ಲಿ ನಿರಾಶ್ರಿತರ ಕುಟುಂಬಗಳಿಗೆ ನೆರವಾಗುತ್ತಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಒಂದು ಕೇಳಿಕೆ. ಸೋಫಾ ಕೊಡಿ, ಬಿಡಿ. ಮಕ್ಕಳಿಗೆ ಲೆಕ್ಕ ಹೇಳಿಕೊಡಿ, ಬಿಡಿ. ಆದರೆ ಅವರ ಮನೆಗೆ ಪೋಸ್ಟಿನಲ್ಲಿ ಬಂದ ವಿಮಾನದ ಟಿಕೆಟ್ ಸಾಲದ ಬಿಲ್ಲನ್ನು ನೋಡಿ "ಇದು ಫ್ರಾಡ್, ಹರಿದು ಹಾಕಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಅದು ಫ್ರಾಡ್ ಅಲ್ಲ. ಅವರು ಸಹಿ ಹಾಕಿರುವ ಸಾಲ. ನಾನು ಕೊಲಂಬಸ್‌ನ ಒಂದು ನಿರಾಶ್ರಿತರ ಪುನರ್ವಸತಿ ಸಂಸ್ಥೆಯಲ್ಲಿ ಕೇಸ್‌ವರ್ಕರ್. ಇಲ್ಲಿ ಬೇರೆ ಎಲ್ಲ ಗೊಂದಲವೂ ಒಂದಲ್ಲ ಒಂದು ದಿನ ತಿಳಿಯಾಗುತ್ತದೆ. ಬಸ್ ಹಿಡಿಯುವುದು, ಮೈಕ್ರೋವೇವ್, ಚಳಿಗಾಲದ ಬೂಟು, ಎಲ್ಲಾ. ಈ ಬಿಲ್ಲಿನ ಗೊಂದಲ ಮಾತ್ರ ಪ್ರತಿ ಕುಟುಂಬದ ಜೊತೆಗೂ ಹೊಸದಾಗಿ ಶುರುವಾಗುತ್ತದೆ.

ನನ್ನ ಬಳಿ ಬಂದವರಲ್ಲಿ ಭೂತಾನಿನ ನೇಪಾಳಿ ಮಾತಿನ ಜನ ಜಾಸ್ತಿ. ಲ್ಹೋತ್ಶಂಪಾ ಅನ್ನುತ್ತಾರೆ ಅವರನ್ನು. 1990ರ ಆಸುಪಾಸಿನಲ್ಲಿ ಭೂತಾನಿನಿಂದ ಹೊರಬಿದ್ದು, ಭಾರತ ದಾಟಿ, ಪೂರ್ವ ನೇಪಾಳದ ಶಿಬಿರಗಳಲ್ಲಿ ಬಿದಿರಿನ ಗುಡಿಸಲು ಕಟ್ಟಿಕೊಂಡು ಸುಮಾರು ಇಪ್ಪತ್ತು ವರ್ಷ ಕೂತವರು. 2008ರಿಂದ ದೊಡ್ಡ ಪ್ರಮಾಣದಲ್ಲಿ ಹೊರದೇಶಗಳಿಗೆ ಹೋಗತೊಡಗಿದರು. ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ ಜನ, ಅದರಲ್ಲಿ ಬಹುಪಾಲು ಅಮೆರಿಕಕ್ಕೆ. ಇವರಲ್ಲಿ ಹೆಚ್ಚಿನವರಿಗೆ ಹಿಂದಿ ಅರ್ಥವಾಗುತ್ತದೆ. ಸಿನಿಮಾದ ಉಪಕಾರ. ನನ್ನ ಶಿವಮೊಗ್ಗದ ಹಿಂದಿ ಕೇಳಿ ನನ್ನ ಗಂಡನೇ ನಗುತ್ತಾರೆ, ಆದರೆ ಈ ಕೆಲಸ ಸಿಕ್ಕಿದ್ದು ಆ ಹಿಂದಿಯಿಂದಲೇ.

ಈಗ ಬಿಲ್ಲಿನ ವಿಷಯ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಚಿಕ್ಕದಾಗಿ ಹೇಳಿ ಸಾಕಾಗಿದೆ.

ನಿರಾಶ್ರಿತರನ್ನು ಅಮೆರಿಕ ಕರೆಸಿಕೊಳ್ಳುತ್ತದೆ ಅಂದರೆ ವಿಮಾನದ ಟಿಕೆಟ್ಟೂ ಪುಕ್ಕಟೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪುಕ್ಕಟೆ ಅಲ್ಲ. ಸಂದರ್ಶನ, ತಪಾಸಣೆ, ವೈದ್ಯಕೀಯ ಪರೀಕ್ಷೆ ಎಲ್ಲ ಮುಗಿದ ಮೇಲೆ ಟಿಕೆಟ್ ಮಾಡಿಸುವುದು ಐಒಎಂ, ಅಂದರೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆ. ಆ ಟಿಕೆಟ್ಟಿನ ದುಡ್ಡು ಸಾಲ. ವಿಮಾನ ಹತ್ತುವ ಮೊದಲೇ ದೊಡ್ಡವರು ಸಾಲದ ಪತ್ರಕ್ಕೆ ಸಹಿ ಹಾಕಿರುತ್ತಾರೆ. ಭೂತಾನಿನ ಜನರಾದರೆ ನೇಪಾಳದಲ್ಲೇ ಹಾಕಿರುತ್ತಾರೆ. ಮಕ್ಕಳ ಟಿಕೆಟ್ಟೂ ಅದರಲ್ಲೇ ಸೇರಿರುತ್ತದೆ. ಬಡ್ಡಿ ಇಲ್ಲ. ಇಲ್ಲಿಗೆ ಬಂದು ಆರು ತಿಂಗಳಾದ ಮೇಲೆ ಕಂತು ಶುರು. ಸುಮಾರು ಮೂರೂವರೆ ವರ್ಷದಲ್ಲಿ ತೀರಿಸಬೇಕು.

ಲೆಕ್ಕ ಬೇಕಾ? ಒಬ್ಬರಿಗೆ ಸಾವಿರ ಡಾಲರ್ ಅಂತ ಸುಮ್ನೆ ಇಟ್ಟುಕೊಳ್ಳಿ. ಆರು ಜನರ ಮನೆಗೆ 6,000. 42 ಕಂತು ಮಾಡಿದರೆ ತಿಂಗಳಿಗೆ 143 ಡಾಲರ್. ನಿಮಗೆ ಅದು ಒಂದು ವಾರದ ಇಂಡಿಯನ್ ಸ್ಟೋರ್ ಬಿಲ್ ಇರಬಹುದು. ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಡಬ್ಬ ಜೋಡಿಸುವವರ ಮನೆಯಲ್ಲಿ ಅದು ಎಲೆಕ್ಟ್ರಿಕ್ ಬಿಲ್ಲು, ಬಸ್ ಪಾಸು ಎರಡೂ ಸೇರಿದ ದುಡ್ಡು.

ಈ ಸಾಲವನ್ನು ವಸೂಲಿ ಮಾಡುವುದು, ಅವರನ್ನು ಏರ್‌ಪೋರ್ಟಿನಿಂದ ಕರೆತಂದ ಪುನರ್ವಸತಿ ಸಂಸ್ಥೆಯ ಕೇಂದ್ರ ಕಚೇರಿ. ಗೊಂದಲ ಹುಟ್ಟುವುದೇ ಇಲ್ಲಿ. ಹಾಸಿಗೆ, ಪಾತ್ರೆ ತಂದುಕೊಟ್ಟ ಸಂಸ್ಥೆಯ ಹೆಸರಿನಲ್ಲೇ ಆರು ತಿಂಗಳ ಮೇಲೆ ಬಿಲ್ ಬಂದರೆ ಯಾರಿಗೆ ಅನುಮಾನ ಬರಲ್ಲ ಹೇಳಿ? "ದೀದಿ, ಆ ಸೋಫಾಕ್ಕೂ ದುಡ್ಡು ಹಾಕಿದ್ದೀರಾ?" ಅಂತ ನನ್ನನ್ನೇ ಕೇಳಿದ್ದಾರೆ. ಇಲ್ಲ. ಸೋಫಾ ಬೇರೆ, ಟಿಕೆಟ್ ಬೇರೆ. ಕಟ್ಟಿದ ಹಣದಲ್ಲಿ ಕಾಲು ಭಾಗ ವಸೂಲಿ ಮಾಡಿದ ಸಂಸ್ಥೆಗೆ ಉಳಿಯುತ್ತದೆ. ಇದನ್ನು ನಾನು ಮುಚ್ಚಿಡುವುದಿಲ್ಲ, ಕೇಳಿದವರಿಗೆ ಹೇಳುತ್ತೇನೆ. ಉಳಿದದ್ದು ಮುಂದೆ ಬರುವವರ ಟಿಕೆಟ್ಟಿಗೆ ಅಂತ ಇರುವ ನಿಧಿಗೆ ವಾಪಸ್ ಹೋಗುತ್ತದೆ. ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಒಬ್ಬರು ಕಟ್ಟಿದ ಕಂತು ಇನ್ನೊಬ್ಬರ ಸಾಲವಾಗುತ್ತದಲ್ಲ, ಹಾಗೆ. ಶಿಬಿರದಲ್ಲಿ ಬೆಳೆದ ಹೆಂಗಸರಿಗೆ ಹೀಗೆ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ. ಅರ್ಥವಾಗದೆ ವಾದ ಮಾಡುವವರು ನಮ್ಮ ಐಟಿ ಗಂಡಸರು.

ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಆಫೀಸಿನಲ್ಲಿ ಮತ್ತೆ ಮತ್ತೆ ಮೋಸದ ಇಮೇಲ್ ಗುರುತಿಸುವ ಫಿಶಿಂಗ್ ಟ್ರೈನಿಂಗ್ ಕೊಟ್ಟು ಕೊಟ್ಟು ಎಲ್ಲದರಲ್ಲೂ ಮೋಸವೇ ಕಾಣುವ ಹಾಗೆ ಮಾಡಿಟ್ಟಿದ್ದಾರೆ. ಇನ್ನು ಆ ಕಾಗದವೂ ಹಾಗೇ ಇರುತ್ತದೆ. ಹೆಸರಿನ ಮುಂದಿನದು ಹಿಂದೆ, ಹಿಂದಿನದು ಮುಂದೆ. ಸಾವಿರಗಟ್ಟಲೆ ಡಾಲರ್ ಬಾಕಿ. ಕಿಟಕಿ ಇರುವ ಲಕೋಟೆ. ಒಂದೇ ಮನೆಗೆ ಮೂರು ಬಿಲ್ ಬಂದಿರುವುದೂ ಉಂಟು. ಅಪ್ಪ ಅಮ್ಮ ಚಿಕ್ಕ ಮಕ್ಕಳದ್ದು ಒಂದು ಕೇಸು (ಅಂದರೆ ಒಂದು ಫೈಲು), ಮದುವೆಯಾದ ಮಗನದ್ದು ಇನ್ನೊಂದು, ಅಜ್ಜ ಅಜ್ಜಿಯದ್ದು ಮತ್ತೊಂದು ಆಗಿದ್ದರೆ ಸಾಲವೂ ಮೂರು ಪಾಲಾಗಿರುತ್ತದೆ. ನೋಡಿದವರಿಗೆ "ಒಂದೇ ಸಾಲಕ್ಕೆ ಮೂರು ಸಲ ವಸೂಲಿ" ಅನ್ನಿಸುತ್ತದೆ.

ನಮ್ಮ ಕಡೆಯವರೇ ಒಬ್ಬರು, ಬಹಳ ಒಳ್ಳೆಯ ಮನುಷ್ಯ, ಪ್ರತಿ ಶನಿವಾರ ಒಬ್ಬ ಹುಡುಗನಿಗೆ ಕಾರು ಓಡಿಸಲು ಕಲಿಸುತ್ತಿದ್ದರು. ಲೈಸೆನ್ಸೂ ಕೊಡಿಸಿದರು. ಜೊತೆಗೆ ಈ ಬಿಲ್ಲು ನೋಡಿ, ಕಟ್ಟಬೇಡ ಅಂತಲೂ ಹೇಳಿದರು. ಹುಡುಗ ಕಟ್ಟಲಿಲ್ಲ. ಎರಡು ವರ್ಷ ಬಿಟ್ಟು ಹಳೇ ಟೊಯೊಟಾ ಒಂದಕ್ಕೆ ಸಾಲ ಕೇಳಿದಾಗ ಮೂರು ಕಡೆ ಇಲ್ಲ ಅಂದರು. ನಾಲ್ಕನೆಯವನು ಕೊಟ್ಟ ಬಡ್ಡಿದರವನ್ನು ಇಲ್ಲಿ ಬರೆಯಲು ನನಗೇ ನಾಚಿಕೆ. ಬಸ್ಸಿಲ್ಲದ ಕಡೆ ಬೆಳಗಿನ ಜಾವದ ಪಾಳಿ, ಕಾರಿಲ್ಲದೆ ಆಗಲ್ಲ. ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿದರೆ ಅದರಲ್ಲಿ ಇದ್ದದ್ದು ಒಂದೇ ಸಾಲ, ಆ ಟಿಕೆಟ್ಟಿನದು. ಬಾಕಿ. ನಾನು ಕೋಪದಲ್ಲಿ ಆ ಗೆಳೆಯರ ಬಗ್ಗೆ ಏನೋ ಅಂದೆ. ಹುಡುಗ, "ಹಾಗನ್ನಬೇಡಿ ದೀದಿ, ಅಂಕಲ್ ನನಗೆ ಪ್ಯಾರಲಲ್ ಪಾರ್ಕಿಂಗ್ ಕಲಿಸಿದ್ದಾರೆ" ಅಂದ.

ಎಚ್‌1ಬಿ ಮೇಲೆ ಬಂದ ನಮಗೆಲ್ಲ ಮೊದಲ ವರ್ಷದ ಪಾಡು ನೆನಪಿದೆ ಅಲ್ವಾ? ಕೈತುಂಬ ಸಂಬಳ, ಆದರೆ ಕ್ರೆಡಿಟ್ ಇತಿಹಾಸ ಇಲ್ಲ ಅಂತ ಫೋನ್ ಕನೆಕ್ಷನ್ನಿಗೂ ಡಿಪಾಸಿಟ್. ಈ ಜನಕ್ಕೆ ಆ ಇತಿಹಾಸ ಶುರುವಾಗುವುದೇ ಟಿಕೆಟ್ ಸಾಲದಿಂದ. ತಿಂಗಳು ತಿಂಗಳು ಕಟ್ಟಿದರೆ ಎಲ್ಲರಿಗೂ ಬ್ಯಾಂಕು ಬಾಗಿಲು ತೆರೆಯುತ್ತದೆ ಅಂತ ನಾನು ಹೇಳುವುದಿಲ್ಲ, ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಈ ಸಾಲ ತೀರಿಸಿ ಮುಂದೆ ಮನೆ ಕೊಂಡವರನ್ನು ನೋಡಿದ್ದೇನೆ. ದಸೈನ್ ಹಬ್ಬಕ್ಕೆ ಕರೆದು ಹಣೆ ತುಂಬ ಅಕ್ಕಿ, ಮೊಸರಿನ ಟೀಕಾ ಮೆತ್ತಿ, ಮನೆಯ ಬೇಸ್‌ಮೆಂಟಿನವರೆಗೂ ತೋರಿಸುತ್ತಾರೆ.

ಇನ್ನೊಂದು ಪ್ರಶ್ನೆ ಊರಿನಿಂದ ಬರುತ್ತದೆ. ಮೈಸೂರಿನ ನಮ್ಮ ಚಿಕ್ಕಪ್ಪನಿಗೆ ನಿರಾಶ್ರಿತರು ಅಂದರೆ ಬೈಲಕುಪ್ಪೆ. "ಅವರಿಗೇನಮ್ಮ, ಸರ್ಕಾರ ಜಮೀನು ಕೊಡುತ್ತೆ, ಎಲ್ಲಾ ಒಂದೇ ಕಡೆ ಇರ್ತಾರೆ." ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟಿಯನ್ನರಿಗೆ ಕಾಡು ಕಡಿದು ಬೇಸಾಯಕ್ಕೆ ಜಾಗ ಕೊಟ್ಟದ್ದು ನಿಜ. ಅವರು ಪಟ್ಟ ಪಾಡು ಬೇರೆ ಕಥೆ. ಇಲ್ಲಿನ ವ್ಯವಸ್ಥೆಯೇ ಬೇರೆ. ಜಮೀನಿಲ್ಲ, ಕಾಲೊನಿ ಇಲ್ಲ. ಬಾಡಿಗೆ ಅಪಾರ್ಟ್‌ಮೆಂಟು, ತಲೆಗೆ ಇಷ್ಟು ಅಂತ ಒಂದು ಸಲದ ಹಣ, ಹೆಚ್ಚೆಂದರೆ 90 ದಿನದ ಆರಂಭದ ನೆರವು. ಆ ಹಣ 2010ರಲ್ಲಿ ತಲೆಗೆ 900 ಡಾಲರಿನಿಂದ 1,800ಕ್ಕೆ ಏರಿತು. ಅದರಲ್ಲಿ ಕುಟುಂಬದ ನೇರ ಖರ್ಚಿಗೆ ಅಂತ 1,100. ಆಮೇಲೆ ಇನ್ನೂ ಸ್ವಲ್ಪ ಏರಿದೆ, ಬಾಡಿಗೆ ಅದಕ್ಕಿಂತ ಜಾಸ್ತಿ ಏರಿದೆ. ಮನೆಯ ಡಿಪಾಸಿಟ್, ಮೊದಲ ತಿಂಗಳ ಬಾಡಿಗೆ, ಮಂಚ, ಪಾತ್ರೆ ಅಂತ ಹೋದರೆ ಉಳಿಯುವುದು ಕೈಖರ್ಚು. ಆಮೇಲೆ ಕೆಲವು ತಿಂಗಳು ಬೇರೆ ಸಹಾಯಗಳು ಇರುತ್ತವೆ, ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ, ಅದನ್ನೆಲ್ಲ ಇಲ್ಲಿ ಬಿಡಿಸುವುದಿಲ್ಲ.

ಬಂದ ದಿನ ಅವರಿಗೆ ಒಗ್ಗುವ, ಕೂಡಲೇ ತಿನ್ನಬಹುದಾದ ಊಟ ತಯಾರಿರಬೇಕು ಅಂತ ನಿಯಮವೇ ಇದೆ. ಈ ನಿಯಮ ಬರೆದವರ ಮೇಲೆ ನನಗೆ ಬಹಳ ಪ್ರೀತಿ. ಒಂದು ಸಲ ರಾತ್ರಿ ವಿಮಾನ ತಡವಾಗಿ, ಅಡುಗೆ ಮಾಡಬೇಕಾದವರು ಕೈಕೊಟ್ಟು, ನಾನೇ ಅನ್ನ, ಬೇಳೆಸಾರು ಮಾಡಿ ಒಯ್ದಿದ್ದೆ. ಎರಡು ದಿನದ ಪ್ರಯಾಣ ಮಾಡಿ ಬಂದ ಅಜ್ಜಿ ಒಂದು ತುತ್ತು ತಿಂದು, "ದಾಲ್‌ಗೆ ಹುಳಿ ಯಾಕೆ ಹಾಕಿದ್ದಾರೆ?" ಅಂತ ಸೊಸೆಯನ್ನು ಕೇಳಿದರು. ಆಮೇಲೆ ಎರಡು ಸಲ ಬಡಿಸಿಕೊಂಡರು.

ಬಿಲ್ಲಿಗೆ ವಾಪಸ್ ಬರುತ್ತೇನೆ. ಆ ಕುಟುಂಬಗಳು ಮಾಡುವ ತಪ್ಪು ಬೇರೆ ಥರದ್ದು. ಅವರು ಕಾಗದ ಬಿಸಾಕುವವರಲ್ಲ. ಒಂದನ್ನೂ ಬಿಸಾಕುವುದಿಲ್ಲ. ಏರ್‌ಪೋರ್ಟಿನಲ್ಲಿ ಅವರನ್ನು ಗುರುತು ಹಿಡಿಯುವುದೇ ಐಒಎಂ ಅಂತ ನೀಲಿ ಅಕ್ಷರ ಇರುವ ಬಿಳಿ ಪ್ಲಾಸ್ಟಿಕ್ ಚೀಲದಿಂದ. ಎದೆಯ ಎಕ್ಸ್‌ರೇ, ದೇಶಕ್ಕೆ ಬಂದ ದಾಖಲೆಯಾದ ಐ-94, ಸಾಲದ ಪತ್ರದ ಪ್ರತಿ ಎಲ್ಲ ಅದರಲ್ಲೇ. ಮನೆಗೆ ಬಂದ ಮೇಲೆ ಆ ಚೀಲ ದೇವರ ಪಟದ ಪಕ್ಕದ ಮೊಳೆಗೆ ಹೋಗುತ್ತದೆ. ಆಮೇಲೆ ಬಂದ ಕಾಗದವೆಲ್ಲ ಅದರೊಳಕ್ಕೆ. ತೆರೆಯದೆ. ಶಾಲೆಯ ನೋಟಿಸು, ಪಿಜ್ಜಾ ಕೂಪನ್ನು, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ನವೀಕರಣ, ಟಿಕೆಟ್ ಬಿಲ್ಲು, ಎಲ್ಲಕ್ಕೂ ಒಂದೇ ಗೌರವ. ಶಿಬಿರದಲ್ಲಿ ಕಾಗದ ಇದ್ದರೆ ಪಡಿತರ, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷದ ಪಾಠ ಆರು ತಿಂಗಳಲ್ಲಿ ಹೋಗುತ್ತದೆಯೇ? ನಾನು ಮನೆಗೆ ಹೋದಾಗ ಚೀಲ ಇಳಿಸಿ, ಕಾರ್ಪೆಟ್ ಮೇಲೆ ಸುರಿದು, ಮೂರು ಗುಡ್ಡೆ ಮಾಡುತ್ತೇನೆ: ಇವತ್ತೇ ಉತ್ತರ ಕೊಡಬೇಕಾದ್ದು, ಇಟ್ಟುಕೊಳ್ಳಬೇಕಾದ್ದು, ಕೂಪನ್ನು. ಕೂಪನ್ನಿನ ಗುಡ್ಡೆಯನ್ನು ಕಸಕ್ಕೆ ಹಾಕುವಾಗ ಮನೆಯ ಯಜಮಾನರು ಒಂದೊಂದನ್ನೂ ಮತ್ತೆ ತಿರುಗಿಸಿ ನೋಡುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ವಿಳಾಸ. ಬೇರೆ ಊರಿನಲ್ಲಿ ಇಳಿದವರು ಅಣ್ಣ ಇದ್ದಾನೆ, ಬಾಡಿಗೆ ಕಡಿಮೆ ಅಂತ ಕೊಲಂಬಸ್‌ಗೋ ಆಕ್ರನ್‌ಗೋ ಬಂದುಬಿಡುತ್ತಾರೆ. ಬಿಲ್ ಹಳೇ ಮನೆಗೆ ಹೋಗುತ್ತಿರುತ್ತದೆ. ಮನೆ ಬದಲಾದರೆ ಪೋಸ್ಟ್ ಆಫೀಸಿಗೆ ಹೇಳಬೇಕು, ವಲಸೆ ಇಲಾಖೆಗೆ 10 ದಿನದೊಳಗೆ ತಿಳಿಸಬೇಕು. ಇವೆರಡನ್ನೂ ಯಾರೋ ಒಬ್ಬರು ನೆನಪಿಸುತ್ತಾರೆ. ಸಾಲದ ಕಚೇರಿಗೆ ಹೇಳುವುದನ್ನು ಯಾರೂ ನೆನಪಿಸುವುದಿಲ್ಲ. ವಲಸೆ ಇಲಾಖೆಗೆ ಹೇಳಿದರೆ ಸಾಲದ ಕಚೇರಿಗೆ ತಾನಾಗಿ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಗೊತ್ತಾಗಲ್ಲ.

ಮನೆಬಾಗಿಲಿಗೆ ಬಂದು ನಿಂತ ದಿಕ್ಕಿಲ್ಲದ ಜನರಿಂದ ಟಿಕೆಟ್ ದುಡ್ಡು ಕೇಳುವುದು ಸರಿಯಾ ಅಂತ ನೀವು ಕೇಳಬಹುದು. ನನಗೂ ಪೂರ್ತಿ ಸರಿ ಅನ್ನಿಸಿಲ್ಲ. ಕೆನಡಾದಲ್ಲೂ ಇಂಥ ಸಾಲ ಇದೆ, ಅಲ್ಲಿ ಬಡ್ಡಿಯೂ ಇತ್ತು, 2018ರಲ್ಲಿ ತೆಗೆದರು. ಈ ಪದ್ಧತಿ ಬೇಡ ಅನ್ನಿಸಿದರೆ ಸಂಸದರಿಗೆ ಪತ್ರ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ನಿಮ್ಮ ಸಿಟ್ಟಿಗೆ ಆ ಮನೆಯವರ ಕ್ರೆಡಿಟ್ ಹಾಳು ಮಾಡಬೇಡಿ.

2025ರ ಜನವರಿಯಲ್ಲಿ ಹೊಸಬರು ಬರುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ ನಮ್ಮ ಆಫೀಸಿನಲ್ಲಿ ಮೇಜುಗಳು ಖಾಲಿಯಾದವು. ಈಗ ಹೊಸ ಗಾಳಿಸುದ್ದಿ: ಕಾರ್ಯಕ್ರಮ ನಿಂತಿತು, ಹಾಗಾಗಿ ಸಾಲವೂ ಮನ್ನಾ. ಇಲ್ಲ, ಸಹಿ ಹಾಕಿದ ಸಾಲ ಹಾಗೇ ಇದೆ. ಅದೇ ವರ್ಷ ಕೆಲವು ಭೂತಾನಿ ನಿರಾಶ್ರಿತರನ್ನು ಗಡಿಪಾರು ಮಾಡಿದ ಸುದ್ದಿ ಬಂದ ಮೇಲೆ ಇದಕ್ಕೆ ಉಲ್ಟಾ ಸುದ್ದಿಯೂ ಹುಟ್ಟಿದೆ: ಸಾಲ ಕಟ್ಟದವರನ್ನು ವಾಪಸ್ ಕಳಿಸುತ್ತಾರೆ ಅಂತ. ಕಂತು ಬಾಕಿ ಅನ್ನುವ ಒಂದೇ ಕಾರಣಕ್ಕೆ ಗಡಿಪಾರಾದವರನ್ನು ನಾನು ಕಂಡಿಲ್ಲ. ಆದರೆ ನಾನು ವಕೀಲೆ ಅಲ್ಲ. ಹಳೇ ಪೊಲೀಸ್ ಕೇಸು, ಗ್ರೀನ್ ಕಾರ್ಡ್ ತೊಡಕು ಏನಾದರೂ ಇದ್ದರೆ ವಲಸೆ ವಕೀಲರನ್ನೇ ಕೇಳಿಸಿ. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ಕಟ್ಟಲು ಆಗದಿದ್ದರೆ ದಾರಿ ಇದೆ. ಕೆಲಸ ಹೋಗಿದೆ, ಕಾಯಿಲೆ, ವಯಸ್ಸಾಗಿದೆ ಅಂತ ಕಾರಣ ತೋರಿಸಿ ಕಂತು ಇಳಿಸಿಕೊಳ್ಳಬಹುದು, ಸ್ವಲ್ಪ ತಿಂಗಳು ಮುಂದಕ್ಕೆ ಹಾಕಿಸಬಹುದು. ಪೂರ್ತಿ ಬಿಡಿಸಿಕೊಡುತ್ತೇನೆ ಅಂತ ಮಾತ್ರ ಅಜ್ಜ ಅಜ್ಜಿಗೆ ಮಾತು ಕೊಡಬೇಡಿ. ಬಾಕಿ ಸಾಲ ವಸೂಲಿ ಏಜೆನ್ಸಿಗೆ ಹೋಗುವ ಮೊದಲೇ ಕೇಳಬೇಕು.

ಮೋಸದ ಫೋನುಗಳೂ ಬರುತ್ತವೆ, ಅದು ಸುಳ್ಳಲ್ಲ. ಗಿಫ್ಟ್ ಕಾರ್ಡ್ ತಂದು ನಂಬರ್ ಓದು ಅನ್ನುವವನು ಕಳ್ಳ, ಇಟ್ಟುಬಿಡಿ. ಪೋಸ್ಟಿನಲ್ಲಿ ಬಂದ ಬಿಲ್ಲಿನ ಬಗ್ಗೆ ಅನುಮಾನವಿದ್ದರೆ ಚೀಲದಲ್ಲಿರುವ ಸಾಲದ ಪತ್ರ ತೆಗೆದು ಹೆಸರು, ಕೇಸ್ ನಂಬರ್, ಮೊತ್ತ ಹೋಲಿಸಿ ನೋಡಿ. ಪತ್ರ ಕಳೆದಿದ್ದರೆ ಅವರನ್ನು ಕರೆತಂದ ಸಂಸ್ಥೆಯ ಸಾಲದ ವಿಭಾಗಕ್ಕೆ ಫೋನ್ ಮಾಡಿ ಪ್ರತಿ ಕೇಳಿ. ನಿಮ್ಮೂರಿನ ಶಾಖೆ ಮುಚ್ಚಿದ್ದರೂ ಕೇಂದ್ರ ಕಚೇರಿ ಇರುತ್ತದೆ. ಫೋನ್ ಮಾಡುವಾಗ ಸಾಲ ತೆಗೆದವರೇ ಪಕ್ಕದಲ್ಲಿರಲಿ, ಇಲ್ಲದಿದ್ದರೆ ನಿಮ್ಮೊಂದಿಗೆ ಮಾತಾಡುವುದಿಲ್ಲ. ನೇಪಾಳಿ ದುಭಾಷಿ ಬೇಕು ಅಂತ ಶುರುವಿನಲ್ಲೇ ಹೇಳಿ. ನಿಮ್ಮ ಹಿಂದಿ ಎಷ್ಟೇ ಚೆನ್ನಾಗಿದ್ದರೂ ದುಡ್ಡಿನ ಮಾತು ಅವರ ಭಾಷೆಯಲ್ಲೇ ಆಗಲಿ.