ತತ್ವಶಾಸ್ತ್ರದ ಪ್ರೊಫೆಸರ್‌ಗಳ ಸಂಘಕ್ಕ ನೂರು ವರ್ಷ, ಅಲ್ಲಿ ಕನ್ನಡಕ್ಕ ಜಾಗ ಯಾಕ ಸಿಗಲಿಲ್ಲ?

ಇಂಡಿಯನ್ ಫಿಲಾಸಫಿಕಲ್ ಕಾಂಗ್ರೆಸ್ ಶುರುವಾಗಿ 2025ಕ್ಕ ನೂರು ವರ್ಷ ತುಂಬಿತು. ಕಾಲೇಜು, ಯುನಿವರ್ಸಿಟಿಯೊಳಗ ತತ್ವಶಾಸ್ತ್ರ ಕಲಿಸೋರು, ಅದರ ಮ್ಯಾಲ ರಿಸರ್ಚ್ ಮಾಡೋರು ಸೇರಿ ಕಟ್ಟಿದ ದೇಶಮಟ್ಟದ ಸಂಘ ಇದು. ಒಂದೊಂದು ಸಲ ಒಂದೊಂದು ಊರಾಗ ಅಧಿವೇಶನ ಮಾಡ್ತಾರ, ತರ್ಕಕ್ಕ ಬ್ಯಾರೆ, ನೀತಿಶಾಸ್ತ್ರಕ್ಕ ಬ್ಯಾರೆ ಅಂತ ವಿಭಾಗ ಇರ್ತಾವ, ಪೇಪರ್ ಓದ್ತಾರ, ವಾದ ಮಾಡ್ತಾರ. ಧಾರವಾಡದಾಗ ಫಿಲಾಸಫಿ ಓದಿದವ್ರನ್ನ ಬಿಟ್ರ ನಮ್ಮ ಕಡೆ ಇದರ ಹೆಸರು ಕೇಳಿದವ್ರು ಕಡಿಮಿ. ಆದ್ರ ಇದರ ಹುಟ್ಟಿನ ಕಥಿ ಹುಬ್ಬಳ್ಳಿ, ಧಾರವಾಡ, ಹಾವೇರಿ ಮಂದಿ ಅಗದಿ ಗಮನಾ ಕೊಟ್ಟು ಕೇಳಬೇಕಾದದ್ದು, ಯಾಕಂದ್ರ ಮೊದಲನೇ ಅಧಿವೇಶನದಾಗ ಎದ್ದ ಮಾತು ನೇರವಾಗಿ ನಮ್ಮ ಊರುಗಳಿಗೆ ಸಂಬಂಧಪಟ್ಟದ್ದೈತಿ.

ಅದಕ್ಕೂ ಮೊದಲು ಇಂಥಾ ಪ್ರಯತ್ನ ಇರಲಿಲ್ಲ ಅಂತಲ್ಲ. ಜಳಗಾಂವ್ ಜಿಲ್ಲಾದ ಅಮಳನೇರದಾಗ 1916ರಾಗನ ಪ್ರತಾಪ್ ಸೇಠ್ ಅನ್ನೋ ಗಿರಣಿ ಮಾಲಕರು ತಮ್ಮ ರೊಕ್ಕ ಹಾಕಿ ತತ್ವಜ್ಞಾನದ ಸಂಸ್ಥಾ ಕಟ್ಟಿದ್ರು, ಮುಂದ ಅಲ್ಲಿಂದ ಒಂದು ತ್ರೈಮಾಸಿಕನೂ ಬಂತು. ಆದ್ರ ದೇಶದ ಎಲ್ಲಾ ಕಡೆಯ ಪ್ರೊಫೆಸರ್‌ಗಳು ಒಂದ ಕಡೆ ಕೂಡೂ ವೇದಿಕೆ ಅಂತ ಆಗಿದ್ದು 1925ರ ಡಿಸೆಂಬರ್‌ದಾಗ ಕಲ್ಕತ್ತಾದೊಳಗ. ಇದರ ಹಿಂದ ಓಡಾಡಿದವ್ರೊಳಗ ಮುಖ್ಯವಾದವ್ರು ರಾಧಾಕೃಷ್ಣನ್. ಅವ್ರು ಮೈಸೂರಿನ್ಯಾಗ ಕಲಿಸ್ತಿದ್ದವ್ರು, 1921ರಾಗ ಕಲ್ಕತ್ತಾ ಯುನಿವರ್ಸಿಟಿಗೆ ಹೋಗಿದ್ರು.

ಆ ಮೊದಲನೇ ಅಧಿವೇಶನಕ್ಕ ಅಧ್ಯಕ್ಷರು ಯಾರು ಅಂದ್ರ ರವೀಂದ್ರನಾಥ ಟಾಗೋರ್. ಪ್ರೊಫೆಸರ್ ಅಲ್ಲ, ಕವಿ. ಅವ್ರು ನಿಂತು ಶಂಕರರ ಬಗ್ಗೆನೋ ಕಾಂಟ್ ಬಗ್ಗೆನೋ ಪಾಂಡಿತ್ಯದ ಭಾಷಣ ಮಾಡಲಿಲ್ಲ, ಬಂಗಾಳದ ಹಳ್ಳಿ ಹಳ್ಳಿ ತಿರುಗಿ ಹಾಡೋ ಬಾವುಲರ ಬಗ್ಗೆ ಮಾತಾಡಿದ್ರು. ಓದು ಬರಹ ಬರದ ಮಂದಿ ಹಾಡಿನ್ಯಾಗ ದೇಹ ಏನು, ಒಳಗಿರೋದು ಏನು, ಅದು ಎಲ್ಲಿಂದ ಬರ್ತದ ಎಲ್ಲಿಗೆ ಹೋಗ್ತದ ಅಂತ ಕೇಳ್ತಾರಲ್ಲ, ಅದೂ ಈ ದೇಶದ ತತ್ವಶಾಸ್ತ್ರನ ಅಂತ ಅಷ್ಟೂ ಪ್ರೊಫೆಸರ್‌ಗಳ ಮುಂದ ಹೇಳಿದ್ರು. ಇದನ್ನ ಓದಿದಾಗೆಲ್ಲಾ ನನಗ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳ ನೆನಪಾಗ್ತೈತಿ. 1889ರಾಗ ತೀರಿಕೊಂಡ ಶರೀಫರು, ಕಳಸದ ಗೋವಿಂದ ಭಟ್ಟರ ಶಿಷ್ಯ, ಮಾಡಿದ್ದೂ ಇದನ್ನ ಅಲ್ಲೇನು. ನಮ್ಮ ಕಡೆ ಅಮಾಸಿ ದಿನ ಭಜನಿ ಕಟ್ಟಿಮ್ಯಾಲ ಏಕತಾರಿ ಹಿಡಕೊಂಡು ತತ್ವಪದ ಹಾಡೋರು, ಹಾಡಿ ಮುಗಿದ ಮ್ಯಾಲ ಇದರ ಅರ್ಥ ಹಿಂಗ, ಅಲ್ಲ ಹಂಗ ಅಂತ ಜಗಳಾಡೋರು, ಅವ್ರ ಕೂಡ ಕುಂತು ಕೇಳ್ರಿ, ಯಾವ ಸೆಮಿನಾರ್‌ಗೂ ಕಡಿಮಿ ಇಲ್ಲ.

ಇನ್ನೊಂದು ಸಂಗತಿ ನೋಡ್ರಿ. ಕಲ್ಕತ್ತಾದಾಗ ಆ ಸಭಾ ನಡೆದಾಗ ಹುಬ್ಬಳ್ಳಿಯೊಳಗ ಸಿದ್ಧಾರೂಢರು ಇನ್ನೂ ಇದ್ರು, ಅವ್ರು ತೀರಿಕೊಂಡದ್ದು 1929ಕ್ಕ. ಅವ್ರ ಮಠದಾಗ ನಿಜಗುಣ ಶಿವಯೋಗಿಗಳ ಶಾಸ್ತ್ರ ಕನ್ನಡದೊಳಗನ ಓದಿ ಬಿಡಿಸಿ ಹೇಳ್ತಿದ್ರು, ಕೇಳಾಕ ರೈತ್ರು, ನೇಕಾರ್ರು, ಹೆಣ್ಮಕ್ಕಳು ಎಲ್ಲಾರೂ ಬರ್ತಿದ್ರು. ಅಂದ್ರ ವೇದಾಂತದಂಥಾ ಕಠಿಣ ವಿಷಯ ಕನ್ನಡದಾಗ ಹೇಳಾಕ ಬರೂದಿಲ್ಲ ಅನ್ನೋ ಮಾತು ಆಗಲೂ ಸುಳ್ಳಿತ್ತು, ಈಗಲೂ ಸುಳ್ಳು.

ಹಂಗಾದ್ರ ಈ ಫಿಲಾಸಫಿಕಲ್ ಕಾಂಗ್ರೆಸ್ ಇಂಗ್ಲಿಷ್ ಯಾಕ ಹಿಡಿತು? ಕಾರಣ ಇತ್ತು, ಅದನ್ನೂ ನ್ಯಾಯವಾಗಿ ಹೇಳಬೇಕು. ಆವಾಗ ಕಾಲೇಜಿನ್ಯಾಗ ಫಿಲಾಸಫಿ ಅನ್ನೋ ಸಬ್ಜೆಕ್ಟ್ ಬಂದಿದ್ದ ಇಂಗ್ಲಿಷ್ ಶಿಕ್ಷಣದ ಕೂಡ, ಧಾರವಾಡದ ಕರ್ನಾಟಕ ಕಾಲೇಜ್ 1917ರಾಗ ಶುರುವಾದ್ರೂ ಅದು ಬಾಂಬೆ ಯುನಿವರ್ಸಿಟಿ ಕೆಳಗಿತ್ತು, ಓದೂದು ಬರಿಯೂದು ಎಲ್ಲಾ ಇಂಗ್ಲಿಷ್. ಮುಂದ ಬನಾರಸ್, ಮದ್ರಾಸ್, ಲಾಹೋರ್, ಢಾಕಾ ಅಂತ ಅಧಿವೇಶನ ತಿರಗತಾ ಹೋದಂಗ ಅಷ್ಟೂ ಕಡೆಯವ್ರಿಗೆ ತಿಳಿಯೋ ಭಾಷಾ ಅದೊಂದ ಆಗಿತ್ತು. ಜೊತಿಗೆ ಭಾರತದಾಗ ಇರೂದು ಬರೇ ಧರ್ಮ, ತತ್ವಶಾಸ್ತ್ರ ಅಲ್ಲ ಅಂತ ಯುರೋಪಿನ ಕೆಲವು ಮಂದಿ ಹೇಳ್ತಿದ್ರಲ್ಲ, ಅವ್ರಿಗೆ ಉತ್ತರ ಕೊಡಬೇಕಾಗಿತ್ತು, ಅದನ್ನ ಅವ್ರ ಭಾಷಾದಾಗನ ಕೊಡಬೇಕಾಗಿತ್ತು.

ಜಮಖಂಡಿಯೊಳಗ ಹುಟ್ಟಿದ ರಾ.ದ. ರಾನಡೆ ಅವ್ರ ಕಥಿಯೊಳಗ ಇಂಗ್ಲಿಷಿನ ಫಿಲಾಸಫಿ, ಕನ್ನಡದ ಸಂತರ ವಿಚಾರ, ಈ ಎರಡೂ ಎಳಿ ಕೂಡ್ತಾವ. ಅಲಹಾಬಾದಿನ್ಯಾಗ ಪ್ರೊಫೆಸರ್, ಆಮ್ಯಾಲ ಕುಲಪತಿ, ಈ ಕಾಂಗ್ರೆಸ್ಸಿಗೂ ಅಧ್ಯಕ್ಷರಾಗಿದ್ರು, ಉಪನಿಷತ್ತಿನ ಮ್ಯಾಲ 1926ರಾಗ ಬರೆದ ದೊಡ್ಡ ಪುಸ್ತಕ ಹೊರದೇಶದಾಗೂ ಹೆಸರಾತು. ಕಡೀಗೆ ವಿಜಯಪುರ ಜಿಲ್ಲಾದ ನಿಂಬಾಳಕ್ಕ ಬಂದು ಉಳಿದ್ರು. ಕರ್ನಾಟಕ ಯುನಿವರ್ಸಿಟಿ ಸಲುವಾಗಿ ಅವ್ರು ಉಪನ್ಯಾಸ ಕೊಟ್ಟಾಗ ಆರಿಸಿಕೊಂಡಿದ್ದು ಕನ್ನಡದ ಸಂತರನ್ನ, ನಿಜಗುಣರು, ಪುರಂದರದಾಸರು, ನಮ್ಮ ಬಾಡದ ಕನಕದಾಸರು. ಇವ್ರನ್ನೆಲ್ಲಾ ತತ್ವಶಾಸ್ತ್ರದ ಪ್ರೊಫೆಸರ್ ಒಬ್ಬರು ಅಷ್ಟು ಗೌರವದಿಂದ ಓದಿದ್ದು ದೊಡ್ಡ ಕೆಲಸ. ಆದ್ರ ಅದೂ ಇಂಗ್ಲಿಷಿನ್ಯಾಗನ ಪುಸ್ತಕ ಆತು.

ದೇಶ ಇಬ್ಭಾಗ ಆದಾಗ ಸಂಘನೂ ಇಬ್ಭಾಗ ಆತು, ಲಾಹೋರಿನ ಕಡೆಯವ್ರು 1954ರಾಗ ಪಾಕಿಸ್ತಾನ ಫಿಲಾಸಫಿಕಲ್ ಕಾಂಗ್ರೆಸ್ ಮಾಡಿಕೊಂಡ್ರು. ಇತ್ತಕಡೆ ಭಾಷಾದ ಪ್ರಶ್ನಿ ಮತ್ತ ಎದ್ದಿತು. ಹಿಂದಿಯವ್ರು ಸುಮ್ನ ಕೂಡಲಿಲ್ಲ, ಐವತ್ತರ ದಶಕದಾಗ ಅಖಿಲ ಭಾರತೀಯ ದರ್ಶನ ಪರಿಷದ್ ಕಟ್ಟಿ ಹಿಂದಿಯೊಳಗ ತ್ರೈಮಾಸಿಕ ತಂದ್ರು. ಮರಾಠಿಯವ್ರು ಎಪ್ಪತ್ತರ ದಶಕದಾಗ ತತ್ವಜ್ಞಾನದ ಮಹಾಕೋಶ ತಂದ್ರು. 1977ರಾಗ ಕೇಂದ್ರ ಸರ್ಕಾರ ತತ್ವಶಾಸ್ತ್ರದ ಸಂಶೋಧನಾ ಪರಿಷತ್ತು ಮಾಡ್ತು, ಅದು ಫೆಲೋಶಿಪ್ ಕೊಡೋ, ಸೆಮಿನಾರಿಗೆ ರೊಕ್ಕ ಕೊಡೋ ಸಂಸ್ಥಾ, ಫಿಲಾಸಫಿಕಲ್ ಕಾಂಗ್ರೆಸ್ಸಿನಂಗ ಸದಸ್ಯರ ಸಂಘ ಅಲ್ಲ, ಭಾಳ ಮಂದಿ ಎರಡನ್ನೂ ಒಂದ ಅಂದ್ಕೋತಾರ.

ನನಗ ಎಲ್ಲಾದಕ್ಕಿಂತ ದೊಡ್ಡ ಹೆಜ್ಜಿ ಅನಸೋದು 1983ರಾಗ ಪುಣೆಯೊಳಗ ಆದದ್ದು. ತತ್ವಶಾಸ್ತ್ರದ ಪ್ರೊಫೆಸರ್‌ಗಳಾದ ದಯಾಕೃಷ್ಣ, ರೇಗೆ ಇವರೆಲ್ಲಾ ಮುಂದ ನಿಂತು, ಸಂಸ್ಕೃತ ಬಿಟ್ಟು ಬ್ಯಾರೆ ಮಾಧ್ಯಮದಾಗ ಶಾಸ್ತ್ರ ಓದದ ನ್ಯಾಯಶಾಸ್ತ್ರದ ಪಂಡಿತರನ್ನೂ ಇಂಗ್ಲಿಷಿನ್ಯಾಗ ತತ್ವಶಾಸ್ತ್ರ ಕಲಿಸೋ ಪ್ರೊಫೆಸರ್‌ಗಳನ್ನೂ ಎದುರಾಬದುರು ಕೂಡಿಸಿದ್ರು. ಚರ್ಚಾಕ್ಕ ಇಟ್ಟಿದ್ದು ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರ ವಿಚಾರ! ಎರಡೂ ಭಾಷಾ ಬಲ್ಲವ್ರು ನಡುವ ಕುಂತು ಮಾತು ದಾಟಿಸಿದ್ರು, ಪಂಡಿತರು ರಸೆಲ್ಲರ ವಿಚಾರಕ್ಕ ಪ್ರಶ್ನಿ ಹಾಕಿದ್ರು. ಇಂಗ್ಲಿಷ್ ಬರದಿದ್ರೂ ವಾದ ಮಾಡಬಹುದು ಅಂತ ಅಲ್ಲಿ ಕಣ್ಣಾರೆ ಕಂಡಿತು.

ಆ ಸವಲತ್ತು ಪಂಡಿತರಿಗೆ ಸಿಕ್ಕಿತು, ನಮ್ಮ ಹುಡುಗ್ರಿಗೆ ಯಾಕ ಸಿಗಬಾರದು? ಗದಗ, ಹಾವೇರಿ ಕಡೆಯಿಂದ ಬಂದ ಹುಡುಗಿ ಬಿಎ ಪೂರ್ತಿ ಕನ್ನಡದಾಗ ಬರೀತಾಳ, ಅಲ್ಲಮನ ವಚನದ ಮ್ಯಾಲ ಅಗದಿ ಚೂಪಾದ ಪ್ರಶ್ನಿ ಕೇಳ್ತಾಳ, ಆದ್ರ ದೇಶಮಟ್ಟದ ಅಧಿವೇಶನಕ್ಕ ಪೇಪರ್ ಕಳಸು ಅಂದ್ರ ಹಿಂದ ಸರೀತಾಳ, ವಿಚಾರ ಇಲ್ಲ ಅಂತಲ್ಲ, ಇಂಗ್ಲಿಷಿನ ಅಂಜಿಕಿಗೆ. ಇದು ನನಗ ಭಾಳ ಸಂಕಟ ಆಗೋ ಮಾತು. ಅಕಿ ಹಿಂದ ಸರಿದ್ರ ನಷ್ಟ ಅಕಿಗೆ ಒಬ್ಬಾಕಿಗೆ ಅಲ್ಲ, ನಿಜಗುಣರ ಬಗ್ಗೆ, ಶರೀಫರ ಬಗ್ಗೆ ಒಳಗಿನಿಂದ ಮಾತಾಡೋರು ಆ ಸಭಾದಾಗ ಇಲ್ಲದಂಗ ಆಗ್ತೈತಿ.

ಮಾಡೋ ಕೆಲಸನೂ ಭಾಳ ದೊಡ್ಡದಲ್ಲ. ಅಧಿವೇಶನ ಯಾವ ರಾಜ್ಯದಾಗ ಆಗ್ತೈತೋ ಆ ರಾಜ್ಯದ ಭಾಷಾಕ್ಕ ಒಂದು ಗೋಷ್ಠಿ ಇಡಬೇಕು, ಕನ್ನಡದ ಪೇಪರ್ ಜೊತಿ ಎರಡು ಪುಟದ ಇಂಗ್ಲಿಷ್ ಸಾರಾಂಶ ತಗೋಬೇಕು, ಪುಣೆಯೊಳಗ ಮಾಡಿದಂಗ ಮಾತು ದಾಟಿಸೋ ಇಬ್ರನ್ನ ಕೂಡಿಸಬೇಕು. ಸಾರಾಂಶ ಬರೆಯಾಕ ಹುಡುಗ್ರಿಗೆ ಕೈ ಹಚ್ಚೋ ಕೆಲಸ ನಮ್ಮ ಕಾಲೇಜಿನ ಮಾಸ್ತರುಗಳದು, ಅದಕ್ಕ ದಿಲ್ಲಿಯಿಂದ ಪರ್ಮಿಶನ್ ಬೇಕಾಗಿಲ್ಲ, ಈ ವರ್ಷನ ಶುರು ಮಾಡಬಹುದು.