ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ

ಮಂಡ್ಯದ ಬೇಸಿಗೆಯಲ್ಲಿ ಐಸ್ ಕ್ಯಾಂಡಿ ಚೀಪಿದವರಿಗೆ ಇದು ಗೊತ್ತು. ಮೊದಲು ಸಿಹಿಯೂ ಬಣ್ಣವೂ ಬಾಯಿಗೆ ಬಂದುಬಿಡುತ್ತವೆ. ಕಡ್ಡಿಯಲ್ಲಿ ಉಳಿಯುವುದು ಬಿಳಿ, ಸಪ್ಪೆ ಐಸು. ನೀರು ಐಸಾಗುವಾಗ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ, ಹೊರಗೆ ತಳ್ಳುತ್ತದೆ. ಆ ಪಾಕ ಐಸಿನ ಸಂದಿಗಳಲ್ಲಿ ನೀರಾಗೇ ಉಳಿದಿರುತ್ತದೆ. ನಾವು ಮೊದಲು ಚೀಪುವುದು ಅದನ್ನೇ.

ಅಷ್ಟು ತಣ್ಣಗಿದ್ದರೂ ಪಾಕ ಯಾಕೆ ಗಟ್ಟಿಯಾಗಲಿಲ್ಲ? ಸೊನ್ನೆ ಡಿಗ್ರಿಯಲ್ಲಿ ಎಷ್ಟು ಅಣುಗಳು ಐಸು ಬಿಟ್ಟು ನೀರಿಗೆ ಬರುತ್ತವೋ, ಅಷ್ಟೇ ಅಣುಗಳು ನೀರಿನಿಂದ ಹೋಗಿ ಐಸಿಗೆ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಸಕ್ಕರೆ ಕರಗಿದ್ದರೆ ಅಂಟಿಕೊಳ್ಳುವ ಅಣುಗಳು ಕಡಿಮೆಯಾಗುತ್ತವೆ. ಬಿಟ್ಟು ಬರುವವು ಮಾತ್ರ ಮೊದಲಿನಷ್ಟೇ. ಈ ಲೆಕ್ಕ ಸರಿಹೋಗಲು ಇನ್ನಷ್ಟು ತಂಪು ಬೇಕು.

ಕರಗಿದ್ದು ಏನು ಅನ್ನುವುದಕ್ಕಿಂತ ಎಷ್ಟು ಕಣ ಅನ್ನುವುದು ಮುಖ್ಯ. 1880ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ರೌಲ್ಟ್ ಇದನ್ನು ಅಳೆದು ತೋರಿಸಿದರು. ಒಂದು ಲೀಟರ್ ನೀರಿನಲ್ಲಿ 34 ಗ್ರಾಂ ಸಕ್ಕರೆ ಮಾಡುವ ಕೆಲಸವನ್ನು ಸುಮಾರು 3 ಗ್ರಾಂ ಉಪ್ಪು ಮಾಡುತ್ತದೆ. ಉಪ್ಪಿನ ಕಣ ಹಗುರ, ಸಾಲದ್ದಕ್ಕೆ ಕರಗಿದಾಗ ಎರಡಾಗಿ ಒಡೆಯುತ್ತದೆ.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಹಾಲಿನ ವಿಷಯ. ಹಸುವಿನ ಹಾಲು ಸೊನ್ನೆಗಿಂತ ಸುಮಾರು 0.54 ಡಿಗ್ರಿ ಕೆಳಗೆ ಐಸಾಗುತ್ತದೆ. ಮೇವು ಬದಲಾದರೆ ಜಿಡ್ಡು ಏರುತ್ತೆ, ಇಳಿಯುತ್ತೆ. ಈ ಅಂಕಿ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಜಿಡ್ಡು ಕರಗಿರುವುದಿಲ್ಲ, ಸುಮ್ನೆ ಹನಿಹನಿಯಾಗಿ ತೇಲುತ್ತಿರುತ್ತದೆ. ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಹಾಲಿನ ಸಕ್ಕರೆ ಮತ್ತು ಲವಣ. ಕೆಚ್ಚಲಿನೊಳಗೆ ರಕ್ತದ ಕಡೆಯಿಂದ ಹಾಲಿನ ಕಡೆಗೆ ನೀರು ದಾಟಬಲ್ಲದು. ಹಾಲಿನಲ್ಲಿ ಕಣ ಜಾಸ್ತಿಯಾದರೆ ನೀರು ಅತ್ತ ಹರಿದು ಸಮ ಮಾಡುತ್ತದೆ. ಹಾಗಾಗಿ ಹಸುವಿನ ರಕ್ತವೂ ಹಾಲೂ ಐಸಾಗುವುದು ಹತ್ತಿರಹತ್ತಿರ ಒಂದೇ ತಂಪಿನಲ್ಲಿ!

ಈಗ ಡೈರಿಗೆ ಬನ್ನಿ. ಲ್ಯಾಕ್ಟೋಮೀಟರ್ ನೋಡುವುದು ಹಾಲಿನ ಸಾಂದ್ರತೆಯನ್ನು. ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಮಾಡಿದರೆ ಅದು ಏಮಾರುತ್ತದೆ. ಕ್ರಯೋಸ್ಕೋಪ್ ಹಾಗಲ್ಲ. ಅದು ಹಾಲು ಐಸಾಗುವ ಡಿಗ್ರಿಯನ್ನೇ ಅಳೆಯುತ್ತದೆ. ಕೆನೆ ತೆಗೆದರೂ ಅಂಕಿ ಕದಲದು. ನೂರು ಪಾಲಿನಲ್ಲಿ ಹತ್ತು ಪಾಲು ನೀರಾದರೆ 0.54 ಇದ್ದದ್ದು 0.49ರ ಹತ್ತಿರ ಬರುತ್ತದೆ. ಹಾಲು ತಾಜಾ ಇರಬೇಕು ಅಷ್ಟೇ. ಹುಳಿಯಾದರೆ ಹಾಲಿನ ಸಕ್ಕರೆ ಒಡೆದು ಕಣಗಳು ಹೆಚ್ಚುತ್ತವೆ.

ಕಳ್ಳತನ ಹಿಡಿಯುವುದಷ್ಟೇ ಇದರ ಕೆಲಸ ಅಲ್ಲ. ಹಾಲು ತೆಳ್ಳಗಿದೆ, ನೀರು ಬೆರೆಸಿದ್ದೀಯ ಅಂತ ರೈತನೊಬ್ಬನನ್ನು ಅನುಮಾನಿಸಿದಾಗ, ಹಸು ಕೊಟ್ಟಿದ್ದೇ ಇಷ್ಟು ಅಂತ ಅವನ ಪರ ಸಾಕ್ಷಿ ಹೇಳಬಲ್ಲದ್ದೂ ಈ ಅರ್ಧ ಡಿಗ್ರಿಯೇ.