ಹೆಂಡ್ರಿಕ್ಸ್ ಬಳಸಿದ ಪೆಡಲ್‌ಗಳನ್ನೇ ಕೊಂಡರೆ ಆ ನಾದ ಬರುತ್ತದೆಯೇ?

ಪ್ರಶ್ನೆ: ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಳಸುತ್ತಿದ್ದ ಮಾದರಿಯ ಪೆಡಲ್‌ಗಳನ್ನು (ಕಾಲಿನಿಂದ ಒತ್ತಿ ಗಿಟಾರಿನ ನಾದ ಬದಲಿಸುವ ಪೆಟ್ಟಿಗೆಗಳನ್ನು) ಕೊಂಡಿದ್ದೇನೆ: ನಾದವನ್ನು ಒರಟಾಗಿಸುವ ಫಝ್ ಮತ್ತು ಬಾಯಿ ತೆರೆದು ಮುಚ್ಚಿದಂತೆ ಕೇಳಿಸುವ ವಾ-ವಾ. ಆದರೂ ಜೇನ್ನೊಣದ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ. ಇನ್ನು ಯಾವ ಪೆಡಲ್ ಬೇಕು?

ಇನ್ನೊಂದು ಪೆಡಲ್ ಕೊಳ್ಳುವ ಮೊದಲು ಗಿಟಾರಿನ ಮೈಮೇಲಿರುವ ವಾಲ್ಯೂಮ್ ನಾಬ್ ನೋಡಿ. ಅದು ಹತ್ತರಲ್ಲೇ ನಿಂತಿದ್ದರೆ ತೊಂದರೆ ಅಲ್ಲಿದೆ. ಹೆಂಡ್ರಿಕ್ಸ್ ಕಾಲಿನಿಂದ ಪೆಡಲ್ ಒತ್ತಿದ್ದಕ್ಕಿಂತ ಹೆಚ್ಚು ಸಲ ಬೆರಳಿನಿಂದ ಆ ನಾಬ್ ತಿರುಗಿಸಿದ್ದಾನೆ ಎಂದೇ ನನ್ನ ನಂಬಿಕೆ.

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ, ಹೆಂಡ್ರಿಕ್ಸ್ ಬಳಸಿದ ಫಝ್ ಪೆಡಲ್ ಆದ ಫಝ್ ಫೇಸ್ ದುಂಡಗಿನ ಲೋಹದ ಪೆಟ್ಟಿಗೆ. ಅದರ ಆಕಾರ ಬಂದದ್ದು ಮೈಕ್ ಸ್ಟ್ಯಾಂಡಿನ ಬುಡದಿಂದ. ಬಿಚ್ಚಿ ನೋಡಿದರೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ನಾಬ್, ಒಂದು ಬ್ಯಾಟರಿ, ಅಷ್ಟೇ. ಅದರ ಒಳದಾರಿಯ ವಿದ್ಯುತ್ ಪ್ರತಿರೋಧ ತೀರಾ ಕಡಿಮೆ. ಹಾಗಾಗಿ ಅದು ಗಿಟಾರಿನ ಪಿಕಪ್‌ನೊಂದಿಗೆ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ನೇರವಾಗಿ ಬೆಸೆದುಕೊಂಡು, ಎರಡೂ ಸೇರಿ ಒಂದೇ ಸರ್ಕ್ಯೂಟ್‌ನಂತೆ ವರ್ತಿಸುತ್ತವೆ. ನಾಬ್ ಹತ್ತರಲ್ಲಿದ್ದಾಗ ಒರಟಾದ, ದಪ್ಪ ನಾದ. ಏಳು ಎಂಟಕ್ಕೆ ಇಳಿಸಿದ ಕೂಡಲೇ ಒರಟುತನ ಕರಗಿ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ, ಗಾಜಿನ ಹೊಳಪಿನಲ್ಲಿ ಕೇಳಿಸುತ್ತದೆ. ಪೆಡಲ್ ಆರಿಸದೆಯೇ ಹಾಡಿನ ನಡುವೆ ನಾದವನ್ನು ತಿಳಿಯಾಗಿಸಲು, ಮತ್ತೆ ಕೆರಳಿಸಲು ಹೆಂಡ್ರಿಕ್ಸ್‌ಗೆ ಸಾಧ್ಯವಾದದ್ದು ಹೀಗೆ.

ಗಿಟಾರಿಗೂ ಫಝ್‌ಗೂ ನಡುವೆ ಬಫರ್ (ಗಿಟಾರನ್ನು ಮುಂದಿನ ಪೆಡಲ್‌ನಿಂದ ಬೇರ್ಪಡಿಸುವ ಸರ್ಕ್ಯೂಟ್) ಇರುವ ಪೆಡಲ್ ಕೂರಿಸಿದರೆ ಈ ಗುಣ ಸತ್ತುಹೋಗುತ್ತದೆ. ಇಂದಿನ ಎಷ್ಟೋ ಪೆಡಲ್‌ಗಳಲ್ಲಿ, ಟ್ಯೂನರ್‌ಗಳಲ್ಲಿ ಕೂಡ, ಬಫರ್ ಇರುತ್ತದೆ. ಆದ್ದರಿಂದ ಫಝ್ ಅನ್ನು ಗಿಟಾರಿಗೆ ನೇರವಾಗಿ ಜೋಡಿಸಿ ಒಮ್ಮೆ ನುಡಿಸಿ ನೋಡಿ. ಹೆಂಡ್ರಿಕ್ಸ್ ವಾ-ವಾವನ್ನು ಫಝ್‌ಗಿಂತ ಮೊದಲು ಇಡುತ್ತಿದ್ದದ್ದು ನಿಜ. ಆ ಜೋಡಣೆ ಕೆಲವೊಮ್ಮೆ ಊಳಿಡುತ್ತದೆ. ಮೊದಲ ಪ್ರಯೋಗಕ್ಕೆ ಬೇಡ.

ಮೊದಲಿನ ಫಝ್ ಫೇಸ್‌ಗಳಲ್ಲಿದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಸೆಖೆ ಏರಿದಂತೆ ಅದರಲ್ಲಿ ವಿದ್ಯುತ್ ಸೋರಿಕೆ ಹೆಚ್ಚಿ ನಾದ ಕೆಡುತ್ತದೆ. ಒಂದೇ ಮಾದರಿಯ ಎರಡು ಪೆಟ್ಟಿಗೆಗಳೂ ಒಂದೇ ತೆರನಾಗಿ ನುಡಿಯುತ್ತಿರಲಿಲ್ಲ. ಮುಂದೆ ಸಿಲಿಕಾನ್ ಬಂತು. ಹೆಂಡ್ರಿಕ್ಸ್ ಎರಡನ್ನೂ ಬಳಸಿದ. ಸಿಲಿಕಾನ್ ಸ್ಥಿರ, ಹೆಚ್ಚು ಚೂಪು. ನಾಬ್ ಇಳಿಸಿದಾಗ ಜರ್ಮೇನಿಯಂನಷ್ಟು ಚೆನ್ನಾಗಿ ತಿಳಿಯಾಗುವುದಿಲ್ಲ.

ಹೆಂಡ್ರಿಕ್ಸ್‌ನ ‘ಪರ್ಪಲ್ ಹೇಜ್’ ಹಾಡಿನ ಗಿಟಾರ್ ಸೋಲೋದಲ್ಲಿ ಒಂದೊಂದು ಸ್ವರದ ಜೊತೆಗೂ ಮೇಲಿನ ಸ್ಥಾಯಿಯ ಸ್ವರವೊಂದು ಅಂಟಿಕೊಂಡು ಚೀರುವುದನ್ನು ಗಮನಿಸಿರಬಹುದು. ಅದು ಆಕ್ಟೇವಿಯಾ ಎಂಬ ಪೆಡಲ್‌ನ ಕೆಲಸ. ಬ್ರಿಟಿಷ್ ನೌಕಾಪಡೆಯ ಸಂಶೋಧನಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ರೋಜರ್ ಮೇಯರ್ ಅದನ್ನು ಕೈಯಾರೆ ಕಟ್ಟಿದ. ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿದರೆ ಕಂಪನಸಂಖ್ಯೆ ದುಪ್ಪಟ್ಟಾಗುತ್ತದೆ. ಆಕ್ಟೇವಿಯಾ ಮಾಡುವ ಕೆಲಸ ಅದೇ. ಹನ್ನೆರಡನೆಯ ಫ್ರೆಟ್‌ನಿಂದ ಮೇಲೆ, ಕತ್ತಿನ ಬಳಿಯ ಪಿಕಪ್‌ನಲ್ಲಿ ಒಂದೊಂದೇ ಸ್ವರ ನುಡಿಸಿದಾಗ ಅದು ಚೆನ್ನಾಗಿ ಕೇಳಿಸುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಜಪಾನಿನ ಶಿನ್-ಎಯ್ ಕಂಪನಿಯ ಯೂನಿ-ವೈಬ್ ಪೆಡಲ್. ಒಳಗೆ ನಡುವೆ ಒಂದು ಪುಟ್ಟ ಬಲ್ಬು, ಸುತ್ತ ನಾಲ್ಕು ಬೆಳಕು-ಸಂವೇದಿ ಕೋಶಗಳು. ಬಲ್ಬು ಹತ್ತಿ ನಂದುತ್ತಿದ್ದಂತೆ ಕೋಶಗಳ ಪ್ರತಿರೋಧ ಏರಿಳಿಯುತ್ತದೆ, ನಾದ ಸುಳಿ ಸುತ್ತುತ್ತದೆ. ಬಿಸಿ ತಂತಿ ಒಮ್ಮೆಲೇ ಆರುವುದಿಲ್ಲವಾದ್ದರಿಂದ ಏರಿಕೆ ಇಳಿಕೆ ಸಮವಾಗಿರುವುದಿಲ್ಲ, ಕುಂಟುತ್ತದೆ. ಆ ಕುಂಟು ನಡೆಯೇ ಅದರ ಜೀವ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆಗೆ ಹೆಂಡ್ರಿಕ್ಸ್ ಇದನ್ನು ತಂದಿದ್ದ. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ 1970ರ ಜನವರಿ 1ರಂದು ನುಡಿಸಿದ ‘ಮಷೀನ್ ಗನ್’ ಕೇಳಿ: ಫಝ್, ವಾ-ವಾ, ಆಕ್ಟೇವಿಯಾ, ಯೂನಿ-ವೈಬ್ ನಾಲ್ಕೂ ಅಲ್ಲಿವೆ, ಆದರೂ ಕೇಳುವವರ ಎದೆಗೆ ನಾಟುವುದು ವಿಯೆಟ್ನಾಂ ಯುದ್ಧದ ನೋವು. ಅವನ ಪೆಡಲ್‌ಗಳ ಬಗ್ಗೆ ಒಂದೇ ಧ್ವನಿಮುದ್ರಣ ಕೇಳಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನುಳಿದದ್ದು ಆಂಪ್ಲಿಫೈಯರ್. ಹೆಂಡ್ರಿಕ್ಸ್‌ನ ಹಿಂದೆ 100 ವಾಟ್‌ನ ಮಾರ್ಷಲ್‌ಗಳು ಭೋರ್ಗರೆಯುತ್ತಿದ್ದವು. ಅವುಗಳ ವಾಲ್ವ್‌ಗಳೇ (ಟ್ರಾನ್ಸಿಸ್ಟರ್‌ಗಿಂತ ಹಿಂದಿನ ಗಾಜಿನ ಕೊಳವೆಗಳು) ಅರ್ಧ ಒರಟುತನ ತರುತ್ತಿದ್ದವು, ಫಝ್ ಅದಕ್ಕೆ ಮೇಲೊಂದು ತಳ್ಳು ಕೊಡುತ್ತಿತ್ತು. ಸಣ್ಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಶುಭ್ರ (ಒರಟುತನ ಸೇರಿಸದ) ಚಾನೆಲ್ಲಿಗೆ ಫಝ್ ಜೋಡಿಸಿದರೆ ನೀವು ಹೇಳುವ ಗುಂಯ್‌ಗುಡುವಿಕೆಯೇ ಬರುತ್ತದೆ. ಮನೆಯಲ್ಲಿ ಅಷ್ಟು ಸದ್ದು ಮಾಡುವಂತಿಲ್ಲ. ಹಾಗಾಗಿ ಚಿಕ್ಕ ವಾಲ್ವ್ ಆಂಪ್ಲಿಫೈಯರ್ ಅನ್ನು ನಾದ ಒಡೆಯುವ ಅಂಚಿನವರೆಗೆ ಏರಿಸಿ, ಇಲ್ಲವೇ ಆಂಪ್ಲಿಫೈಯರ್ ಅನುಕರಿಸುವ ಸಾಫ್ಟ್‌ವೇರ್‌ನಲ್ಲಿ ಅದೇ ಸ್ಥಿತಿ ಹೊಂದಿಸಿ. ಪೆಡಲ್‌ನ ಫಝ್ ನಾಬ್ ಪೂರ್ತಿ ಏರಿಸಿ, ಗಿಟಾರಿನದನ್ನು ಏಳಕ್ಕೆ ಇಳಿಸಿ ಶುರುಮಾಡಿ.

ಒಂದು ಎಚ್ಚರಿಕೆ: ಹಳೆಯ ವಿನ್ಯಾಸದ ಜರ್ಮೇನಿಯಂ ಫಝ್‌ಗಳಲ್ಲಿ ಬ್ಯಾಟರಿಯ ಧನ ತುದಿ ಗ್ರೌಂಡ್‌ಗೆ ಸೇರಿರುತ್ತದೆ. ಬೇರೆ ಪೆಡಲ್‌ಗಳೊಂದಿಗೆ ಒಂದೇ ಅಡಾಪ್ಟರ್‌ಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಅದಕ್ಕೆ ಪ್ರತ್ಯೇಕವಾಗಿ 9 ವೋಲ್ಟ್ ಬ್ಯಾಟರಿಯನ್ನೇ ಹಾಕಿ.